ಕೈಗೆ ಒಗ್ಗುವ ಡಾರ್ಟ್ ಆರಿಸುವುದು ಹೇಗೆ

ಮಾವಿನ ಮರಕ್ಕೆ ಕಲ್ಲು ಬೀರಿದವರಿಗೆಲ್ಲ ಒಂದು ವಿಷಯ ಗೊತ್ತಿರುತ್ತದೆ. ನೆಲದಿಂದ ಕಲ್ಲು ಹೆಕ್ಕುವಾಗ ಕೈ ಸಿಕ್ಕಿದ್ದನ್ನೆಲ್ಲ ತೆಗೆದುಕೊಳ್ಳುವುದಿಲ್ಲ. ಒಂದನ್ನು ಎತ್ತಿ, ಅಂಗೈಯಲ್ಲಿ ಎರಡು ಸಲ ತೂಗಿ ನೋಡಿ, ಬಿಸಾಡಿ, ಇನ್ನೊಂದನ್ನು ಎತ್ತುತ್ತದೆ. ತೀರಾ ಹಗುರಾದದ್ದು ಎತ್ತಲೋ ಹೋಗುತ್ತದೆ, ತೀರಾ ಭಾರದ್ದು ಕಾಯಿ ಮುಟ್ಟುವ ಮೊದಲೇ ಕೆಳಗಿಳಿಯುತ್ತದೆ. ನಡುವೆ ಎಲ್ಲೋ ಒಂದು ತೂಕ, ಒಂದು ಗಾತ್ರ ಇರುತ್ತದೆ. ಬೆರಳಿಗೆ ಸಿಕ್ಕ ಕೂಡಲೇ ‘ಹೂಂ, ಇದೇ’ ಅನ್ನಿಸುತ್ತದೆ. ದುಂಡನೆಯ ಬೋರ್ಡಿಗೆ ಚಿಕ್ಕ ಬಾಣ ಎಸೆಯುವ ಡಾರ್ಟ್ಸ್ ಆಟಕ್ಕೆ ಉಕ್ಕಿನ ಮೊನೆಯ ಡಾರ್ಟ್ ಆರಿಸುವಾಗಲೂ ನಂಬಬೇಕಾದದ್ದು ಈ ಕೈಯನ್ನೇ. ಆದರೆ ಅಂಗಡಿಯಲ್ಲಿ ನಿಂತಾಗ ನಾವು ಕೈಯ ಮಾತು ಬಿಟ್ಟು ಡಬ್ಬಿಯ ಮೇಲಿರುವ ಚಾಂಪಿಯನ್ನನ ಫೋಟೊ ನೋಡುತ್ತೇವೆ.

ನಾನು ಮೊದಲು ಕೊಂಡದ್ದು 30 ಗ್ರಾಮಿನ ದಪ್ಪ ಹಿತ್ತಾಳೆ ಡಾರ್ಟ್‌ಗಳು. ‘ಭಾರ ಇದ್ದಷ್ಟೂ ನೇರ ಹೋಗುತ್ತೆ ಸರ್’ ಎಂದು ಅಂಗಡಿಯವರು ಹೇಳಿದ್ದನ್ನು ನಂಬಿದೆ. ಆರು ತಿಂಗಳು ಅವುಗಳಲ್ಲೇ ಎಸೆದೆ. ಮೊಣಕೈ ನೋಯತೊಡಗಿತು, ಗುರಿ ಮಾತ್ರ ಕೂಡಲಿಲ್ಲ. ಆಮೇಲೆ ಒಬ್ಬ ಗೆಳೆಯ ತನ್ನ 23 ಗ್ರಾಮಿನ ಸೆಟ್ ಕೈಗಿತ್ತ. ಅರ್ಧ ಗಂಟೆಯಲ್ಲಿ ಕೈಯ ಬಿಗಿ ಇಳಿಯಿತು. ಆ ಅರ್ಧ ಗಂಟೆಯಲ್ಲಿ ಏನಾಯಿತು ಎಂದು ಅರ್ಥ ಮಾಡಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು. ಆ ತಿಳಿವಳಿಕೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗುರಿಯ ಅಳತೆ. ಆಟಗಾರ ನಿಲ್ಲುವ ಗೆರೆಗೆ ಓಕಿ ಎನ್ನುತ್ತಾರೆ. ಉಕ್ಕಿನ ಮೊನೆಯ ಆಟದಲ್ಲಿ ಅದು ಬೋರ್ಡಿನ ಮುಖದಿಂದ 2.37 ಮೀಟರ್ ದೂರ. ಬೋರ್ಡಿನ ನಟ್ಟನಡುವಿನ ವೃತ್ತವಾದ ಬುಲ್‌ನ ನಡುಬಿಂದು ನೆಲದಿಂದ 1.73 ಮೀಟರ್ ಎತ್ತರ. ಎಲ್ಲರೂ ಕಣ್ಣಿಡುವ, ಅಂಕ ಮೂರು ಪಟ್ಟಾಗುವ ಟ್ರೆಬಲ್ 20ರ ಪಟ್ಟಿ ಕೇವಲ 8 ಮಿಲಿಮೀಟರ್ ಅಗಲ, ಉದ್ದ ಮೂರು ಸೆಂಟಿಮೀಟರಿಗಿಂತ ತುಸು ಹೆಚ್ಚು. ಅದರ ಎಡಕ್ಕೆ 5, ಬಲಕ್ಕೆ 1. ಸ್ವಲ್ಪ ತಪ್ಪಿದರೆ 60 ಸಿಗಬೇಕಾದಲ್ಲಿ ಒಂದೋ ಐದೋ ಸಿಗುತ್ತದೆ.

ಈ 8 ಮಿಲಿಮೀಟರ್ ಎಷ್ಟು ಕಟ್ಟುನಿಟ್ಟು ಎಂಬುದನ್ನು ಒಂದು ಲೆಕ್ಕದಿಂದ ನೋಡಬಹುದು. ಕೈ ಮುಂದಕ್ಕೆ ಚಾಚಿರುವುದರಿಂದ ಡಾರ್ಟ್ ಹಾರುವ ದೂರ ಸುಮಾರು 2 ಮೀಟರ್ ಎನ್ನೋಣ. ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಅಡ್ಡಕ್ಕೆ ಬಿಟ್ಟರೆ ಬೋರ್ಡ್ ಮುಟ್ಟುವ ಹೊತ್ತಿಗೆ ಅದು ಸುಮಾರು 54 ಸೆಂಟಿಮೀಟರ್ ಕೆಳಗಿಳಿದಿರುತ್ತದೆ. ಅದೇ ಎಸೆತ ಸ್ವಲ್ಪ ನಿಧಾನವಾಗಿ 5.8 ಮೀಟರ್ ವೇಗಕ್ಕೆ ಇಳಿದರೆ ಇಳಿತ 58 ಸೆಂಟಿಮೀಟರ್. ವೇಗದಲ್ಲಿ ಕಣ್ಣಿಗೂ ಕಾಣದಷ್ಟು ವ್ಯತ್ಯಾಸ, ಬೋರ್ಡಿನ ಮೇಲೆ ನಾಲ್ಕು ಸೆಂಟಿಮೀಟರ್! ಹಾಗಾಗಿ ಡಾರ್ಟ್ಸ್‌ನಲ್ಲಿ ತೋಳಿನ ಬಲ ಎಷ್ಟಿದ್ದರೂ ಅದು ದೊಡ್ಡ ವಿಷಯವಾಗುವುದಿಲ್ಲ. ಹಿಂದಿನ ಎಸೆತವನ್ನೇ ಮತ್ತೆ ಎಸೆಯಬಲ್ಲಿರಾ ಎಂಬುದೇ ಎಲ್ಲ. ನಿಮ್ಮ ಕೈ ಯಾವ ಡಾರ್ಟಿನಲ್ಲಿ ಅತಿ ಸುಲಭವಾಗಿ ತನ್ನನ್ನೇ ನಕಲು ಮಾಡಬಲ್ಲದೋ ಅದೇ ನಿಮ್ಮ ಡಾರ್ಟ್.

ತೂಕ ಮತ್ತು ಲೋಹ

ಡಾರ್ಟಿಗೆ ನಾಲ್ಕು ಭಾಗ: ಮುಂದೆ ಉಕ್ಕಿನ ಪಾಯಿಂಟ್, ನಾವು ಹಿಡಿಯುವ ಲೋಹದ ಬ್ಯಾರೆಲ್, ಅದರ ಹಿಂದೆ ತಿರುಪಿ ಕೂರಿಸುವ ಸ್ಟೆಮ್, ತುದಿಯಲ್ಲಿ ಗರಿಯಂತಿರುವ ಫ್ಲೈಟ್. ತೂಕದ ಬಹುಪಾಲು ಬ್ಯಾರೆಲ್‌ನಲ್ಲೇ ಇರುತ್ತದೆ. ಡಬ್ಬಿಯ ಮೇಲೆ ಬರೆದ ಗ್ರಾಂ ಲೆಕ್ಕಕ್ಕೆ ಸ್ಟೆಮ್ ಮತ್ತು ಫ್ಲೈಟ್ ಸಾಮಾನ್ಯವಾಗಿ ಸೇರಿರುವುದಿಲ್ಲ. ದೊಡ್ಡ ಸ್ಪರ್ಧೆಗಳ ನಿಯಮ 50 ಗ್ರಾಂವರೆಗೂ ಬಿಡುತ್ತದೆ, ಆದರೆ ಅಷ್ಟು ಭಾರ ಎಸೆಯುವವರು ಕಾಣಸಿಗುವುದಿಲ್ಲ. ಮಾರುಕಟ್ಟೆಯಲ್ಲಿ ಹೆಚ್ಚಾಗಿ 18ರಿಂದ 30 ಗ್ರಾಂ ಸಿಗುತ್ತವೆ, ಬಹಳಷ್ಟು ಜನ 21ರಿಂದ 26ರ ನಡುವೆ ನಿಲ್ಲುತ್ತಾರೆ.

ಭಾರದ್ದು ಬೇಗ ಬೀಳುತ್ತದೆ ಎಂಬ ಮಾತು ಕೇಳಿರುತ್ತೀರಿ. ಭೂಮಿ ಎರಡನ್ನೂ ಒಂದೇ ರೀತಿ ಎಳೆಯುತ್ತದೆ. ಅದೇ ತೋಳು ಅದೇ ಶ್ರಮದಲ್ಲಿ ಭಾರದ್ದನ್ನು ಎಸೆದಾಗ ವೇಗ ಕಡಿಮೆಯಾಗುತ್ತದೆ, ಹಾರಲು ಹೆಚ್ಚು ಹೊತ್ತು ಬೇಕಾಗುತ್ತದೆ, ಅದಕ್ಕೇ ಹೆಚ್ಚು ಇಳಿಯುತ್ತದೆ. ಭಾರಕ್ಕೆ ಇನ್ನೊಂದು ಗುಣವೂ ಇದೆ. ಬಿಡುವ ಗಳಿಗೆಯಲ್ಲಿ ಬೆರಳು ಸ್ವಲ್ಪ ನಡುಗಿದರೆ ಹಗುರ ಡಾರ್ಟ್ ಆ ನಡುಕವನ್ನು ಪೂರ್ತಿ ತೆಗೆದುಕೊಂಡು ಹೋಗುತ್ತದೆ, ಭಾರದ್ದು ಅಷ್ಟಾಗಿ ಕದಲುವುದಿಲ್ಲ. ಹೊಸಬರಿಗೆ 16, 18 ಗ್ರಾಂ ಬೇಡ ಎನ್ನುವುದು ಇದಕ್ಕೇ. ಹಾಗೆಂದು 30ಕ್ಕೆ ಹೋದರೆ ತೋಳು ದೂಡುವ ಅಭ್ಯಾಸಕ್ಕೆ ಬೀಳುತ್ತದೆ, ಭುಜ ಮುಂದಕ್ಕೆ ಬಾಗುತ್ತದೆ, ನೂರು ಎಸೆತದ ಹೊತ್ತಿಗೆ ದಣಿವು. ನನಗಾದದ್ದು ಇದೇ. ಮೊಣಕೈಯಿಂದ ಮುಂದಕ್ಕಷ್ಟೇ ಕೈ ಆಡಿಸಿ, ನಿಧಾನವಾಗಿ, ಎತ್ತರದ ಕಮಾನಿನಲ್ಲಿ ಎಸೆಯುವವರಿಗೆ 24ರಿಂದ 26 ಒಗ್ಗಬಹುದು. ಚುರುಕಾಗಿ, ಚಪ್ಪಟೆಯಾಗಿ ಬಿಡುವವರಿಗೆ 21, 22. ಯಾವುದೂ ಗೊತ್ತಿಲ್ಲದಿದ್ದರೆ 23ರಿಂದ ಶುರು ಮಾಡಿ.

ಲೋಹದ ವಿಷಯದಲ್ಲಿ ಹಣ ಉಳಿಸುವ ಆಸೆ ಎಲ್ಲರಿಗೂ ಇರುತ್ತದೆ. ಹಿತ್ತಾಳೆ ಅಗ್ಗ, ಟಂಗ್‌ಸ್ಟನ್ ದುಬಾರಿ. ಬೆಲೆ ಯಾಕೆ ಏರುತ್ತದೆ ಎಂದು ತಿಳಿಯಲು ಸಾಂದ್ರತೆ ನೋಡಬೇಕು. ಒಂದು ಘನ ಸೆಂಟಿಮೀಟರ್ ಹಿತ್ತಾಳೆ ಸುಮಾರು 8.5 ಗ್ರಾಂ ತೂಗುತ್ತದೆ, ಶುದ್ಧ ಟಂಗ್‌ಸ್ಟನ್ 19.3 ಗ್ರಾಂ. ಶುದ್ಧ ಟಂಗ್‌ಸ್ಟನ್ ಬಿರುಸು, ಕಡೆಯಲು ಕಷ್ಟ, ಸಿಡಿಯುತ್ತದೆ. ಅದಕ್ಕೆ ನಿಕ್ಕಲ್‌ನಂತಹ ಲೋಹ ಬೆರೆಸುತ್ತಾರೆ. ಡಬ್ಬಿಯ ಮೇಲಿನ 80, 90, 95 ಶೇಕಡಾ ಎಂಬುದು ಈ ಬೆರಕೆಯ ಲೆಕ್ಕ. ಈಗ 50 ಮಿಲಿಮೀಟರ್ ಉದ್ದದ, 23 ಗ್ರಾಂ ತೂಕದ, ನೇರ ಗಟ್ಟಿ ಸಲಾಕೆಯಂತಹ ಎರಡು ಬ್ಯಾರೆಲ್ ಊಹಿಸಿಕೊಳ್ಳಿ. ಹಿತ್ತಾಳೆಯದಾದರೆ ದಪ್ಪ 8 ಮಿಲಿಮೀಟರಿಗೂ ಮೇಲೆ. 90 ಶೇಕಡಾ ಟಂಗ್‌ಸ್ಟನ್ ಆದರೆ 6ಕ್ಕಿಂತ ಕಡಿಮೆ. ಹಿತ್ತಾಳೆಯದು ಟ್ರೆಬಲ್ ಪಟ್ಟಿಯ ಅಗಲಕ್ಕಿಂತ ದಪ್ಪ! ಒಂದು ಡಾರ್ಟ್ ಅಲ್ಲಿ ಕೂತರೆ ಎರಡನೆಯದಕ್ಕೆ ದಾರಿ ಮುಚ್ಚಿದ ಹಾಗೆ.

ಆದರೂ ಹೊಸಬರಿಗೆ ನಾನು ಹೇಳುವುದು ಬೇರೆ. ಮೂರು ಡಾರ್ಟ್ ಒಂದೇ ಪಟ್ಟಿಗೆ ಹೋಗುವ ಕಷ್ಟ ಇನ್ನೂ ನಿಮಗೆ ಬಂದಿಲ್ಲದಿದ್ದರೆ ತೆಳ್ಳಗಿನ ಬ್ಯಾರೆಲ್‌ನಿಂದ ಬರುವ ಲಾಭವೂ ಇನ್ನೂ ಬಂದಿಲ್ಲ. ಜೊತೆಗೆ ದಪ್ಪ ಬ್ಯಾರೆಲ್ ದೊಡ್ಡ ಬೆರಳಿಗೆ, ಹಿಡಿತ ಇನ್ನೂ ಕೂರದ ಕೈಗೆ ಹಿತವಾಗಿಯೂ ಇರಬಹುದು. 80 ಶೇಕಡಾ ಟಂಗ್‌ಸ್ಟನ್ ಸೆಟ್ ಕೈಗೆಟುಕಿದರೆ ಅದೇ ಒಳ್ಳೆಯದು, ಹಲವು ವರ್ಷ ಬಾಳುತ್ತದೆ. 95ರ ಮೋಹ ಮಾತ್ರ ಈಗಲೇ ಬೇಡ.

ಬೆರಳು ಏನು ಹೇಳುತ್ತದೆ

ಹಿಡಿತದ ಬಗ್ಗೆ ಓದಿ ಕಲಿಯುವುದಕ್ಕಿಂತ ಒಂದು ಸಣ್ಣ ಪರೀಕ್ಷೆ ಮಾಡಿ. ತೋರುಬೆರಳನ್ನು ಅಡ್ಡಲಾಗಿ ಚಾಚಿ, ಅದರ ಮೇಲೆ ಇಡೀ ಡಾರ್ಟನ್ನು ತಕ್ಕಡಿಯ ದಂಡಿಗೆಯಂತೆ ಮಲಗಿಸಿ. ಎಲ್ಲಿ ಇಟ್ಟರೆ ಎತ್ತಲೂ ವಾಲದೆ ನಿಲ್ಲುತ್ತದೋ ಅದು ತೂಕದ ನಡು. ಅಲ್ಲಿ ಹೆಬ್ಬೆರಳನ್ನು ಮೆಲ್ಲಗೆ ಮೇಲಿಂದ ಇಟ್ಟು, ಕೈ ತಿರುಗಿಸಿ, ಎಸೆಯುವ ಹಾಗೆ ಕಣ್ಣಿನ ಎತ್ತರಕ್ಕೆ ತನ್ನಿ. ಉಳಿದ ಬೆರಳುಗಳು ಏನು ಮಾಡುತ್ತವೆ ನೋಡುತ್ತಿರಿ, ಅವುಗಳಿಗೆ ಏನೂ ಹೇಳಬೇಡಿ. ಹತ್ತು ಸಲ ಹೀಗೆ ಮಾಡಿ. ಏಳೆಂಟು ಸಲ ಒಂದೇ ರೀತಿ ಕೂತರೆ ಅದೇ ನಿಮ್ಮ ಹುಟ್ಟು ಹಿಡಿತ.

ಕೆಲವರಿಗೆ ಹೆಬ್ಬೆರಳು, ತೋರುಬೆರಳು ಎರಡೇ ಸಾಕಾಗುತ್ತವೆ. ಬಹಳ ಜನರಲ್ಲಿ ನಡುಬೆರಳೂ ಸೇರುತ್ತದೆ, ಚಿಟಿಕೆ ಉಪ್ಪು ಎತ್ತುವ ಹಾಗೆ. ಇನ್ನು ಕೆಲವರಲ್ಲಿ ಉಂಗುರ ಬೆರಳು ಬಂದು ಮೊನೆಯ ಬಳಿ ಆಸರೆ ಕೊಡುತ್ತದೆ. ಬೆರಳು ಹೆಚ್ಚಾದಷ್ಟೂ ಡಾರ್ಟ್ ಕೈಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ ನಿಜ, ಆದರೆ ಬಿಡುವಾಗ ಅಷ್ಟೂ ಬೆರಳು ಒಟ್ಟಿಗೆ ಬಿಡಬೇಕು. ಒಂದು ತಡವಾದರೆ ಅದು ಡಾರ್ಟನ್ನು ತನ್ನ ಕಡೆಗೆ ಎಳೆಯುತ್ತದೆ. ಎರಡೇ ಬೆರಳಿನ ಹಿಡಿತದಲ್ಲಿ ಬಿಡುವುದು ಸಲೀಸು, ಹಿಡಿದು ನಿಲ್ಲಿಸುವುದು ಕಷ್ಟ. ಮೂರು ಬೆರಳಿನ ಹಿಡಿತ ಇಷ್ಟು ವ್ಯಾಪಕವಾಗಿರುವುದು ಈ ಎರಡರ ನಡುವಿನ ಹದ ಅದರಲ್ಲಿರುವುದರಿಂದ. ಉಳಿದ ಬೆರಳುಗಳನ್ನು ಮುಷ್ಟಿ ಕಟ್ಟಿ ಮಡಿಸಬೇಡಿ, ಕೈಯ ಸ್ನಾಯುಗಳೆಲ್ಲ ಬಿಗಿಯಾಗುತ್ತವೆ. ಐದು ಸಲ ವಿಶ್ವ ಚಾಂಪಿಯನ್ ಆದ ಇಂಗ್ಲೆಂಡಿನ ಎರಿಕ್ ಬ್ರಿಸ್ಟೋ ಕಿರುಬೆರಳನ್ನು ಮೇಲೆತ್ತಿ ಎಸೆಯುತ್ತಿದ್ದರು. ಅದು ಅವರ ಕೈಯ ರೀತಿ. ನಾವು ಹಾಗೆ ಎತ್ತಬೇಕಿಲ್ಲ, ತಾನಾಗಿ ಎತ್ತಿದರೆ ತಡೆಯಬೇಕೆಂದೂ ಇಲ್ಲ.

ಎಷ್ಟು ಒತ್ತಿ ಹಿಡಿಯಬೇಕು? ಇದನ್ನು ರಂಗೋಲಿ ಹಾಕುವವರಿಂದ ಕಲಿಯಬಹುದು. ಪುಡಿಯನ್ನು ಬೆರಳ ನಡುವೆ ಒತ್ತಿ ಹಿಡಿದರೆ ಎಳೆ ನಿಂತುಹೋಗುತ್ತದೆ, ಸಡಿಲ ಬಿಟ್ಟರೆ ಗುಪ್ಪೆ ಬೀಳುತ್ತದೆ. ಎಳೆ ತೆಳ್ಳಗೆ, ತಡೆಯಿಲ್ಲದೆ ಇಳಿಯುವ ಒಂದು ಹದ ಇದೆ. ಡಾರ್ಟಿಗೂ ಅದೇ ಹದ: ಜಾರದಷ್ಟು ಬಿಗಿ, ಉಗುರಿನ ತುದಿ ಬಿಳಿಚಿಕೊಳ್ಳದಷ್ಟು ಸಡಿಲ. ಉಗುರು ಬಿಳಿಯಾದರೆ ಒತ್ತಡ ಹೆಚ್ಚಾಗಿದೆ ಎಂದೇ ಅರ್ಥ.

ಈಗ ಬ್ಯಾರೆಲ್‌ನ ಆಕಾರಕ್ಕೆ ಬರಬಹುದು. ಹಿಡಿತ ಗೊತ್ತಾದ ಮೇಲೆ ಆಕಾರ ಆರಿಸುವುದು ಅರ್ಧ ಸುಲಭ. ಎಲ್ಲ ಕಡೆ ಒಂದೇ ದಪ್ಪವಿರುವ ನೇರ ಬ್ಯಾರೆಲ್‌ನಲ್ಲಿ ಎಲ್ಲಿ ಬೇಕಾದರೂ ಹಿಡಿಯಬಹುದು, ಅದು ಯಾರ ಮೇಲೂ ಹಟ ಹಿಡಿಯುವುದಿಲ್ಲ. ಟಾರ್ಪೆಡೊ ಎಂಬುದು ಮುಂದೆ ದಪ್ಪ, ಹಿಂದೆ ಸಣ್ಣ. ತೂಕ ಮುಂದಿರುತ್ತದೆ, ಮೊನೆಯ ಹತ್ತಿರ ಹಿಡಿಯುವವರಿಗೆ ಹೊಂದುತ್ತದೆ. ಸ್ಕ್ಯಾಲಪ್ ಎನ್ನುವುದರಲ್ಲಿ ಬೆರಳು ಕೂರಲೆಂದೇ ಒಂದು ತಗ್ಗು ಕಡೆದಿರುತ್ತಾರೆ. ನಿಮ್ಮ ಬೆರಳು ಅದೇ ಜಾಗದಲ್ಲಿ ಕೂರುವುದಾದರೆ ಅದರಷ್ಟು ಒಳ್ಳೆಯದು ಇಲ್ಲ. ಇಲ್ಲದಿದ್ದರೆ ಪ್ರತಿ ಎಸೆತದಲ್ಲೂ ಕೈಯನ್ನು ಅದು ಆ ತಗ್ಗಿಗೆ ಎಳೆಯುತ್ತಿರುತ್ತದೆ. ಅದಕ್ಕೆ ಹಿಡಿತ ಇನ್ನೂ ಅಲೆದಾಡುತ್ತಿರುವವರು ಸ್ಕ್ಯಾಲಪ್ ಕೊಳ್ಳಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಉದ್ದದ ವಿಷಯ ನೇರ: ನಾಲ್ಕು ಬೆರಳು ಇಡುವವರಿಗೆ 50 ಮಿಲಿಮೀಟರ್ ಅಥವಾ ಹೆಚ್ಚು ಬೇಕು, ಎರಡು ಬೆರಳಿನವರಿಗೆ 40–45 ಸಾಕು.

ಬ್ಯಾರೆಲ್ ಮೇಲಿನ ಕೊರೆತವನ್ನು ಜನ ಅಂದಕ್ಕೆಂದು ಭಾವಿಸುತ್ತಾರೆ. ಅದು ಬೆರಳಿಗೆ ಬೇಕಾದ ಒರಟು. ಸುತ್ತ ಉಂಗುರದಂತೆ ಕೊರೆದದ್ದು ಸಾಧಾರಣ ಹಿಡಿತ ಕೊಡುತ್ತದೆ. ಅರದಂತೆ ಅಡ್ಡಡ್ಡ ಗೀರಿದ ನರ್ಲಿಂಗ್ ಚರ್ಮವನ್ನು ಕಚ್ಚಿ ಹಿಡಿಯುತ್ತದೆ. ಒಂದು ಕಡೆಗೆ ಮಾತ್ರ ಹಲ್ಲು ಬಾಚಿದಂತಿರುವ ಶಾರ್ಕ್ ಕೊರೆತವೂ ಇದೆ. ಕೈ ಬೆವರುವವರು ಒರಟು ಹೆಚ್ಚಿರುವುದನ್ನು ಹುಡುಕುತ್ತಾರೆ. ಮಂಗಳೂರಿನ ಏಪ್ರಿಲ್ ತಿಂಗಳಿನಲ್ಲಿ ನುಣುಪು ಬ್ಯಾರೆಲ್ ಹಿಡಿದು ನೋಡಿದವರಿಗೆ ಇದರ ಕಾರಣ ಬೇರೆ ಹೇಳಬೇಕಿಲ್ಲ. ಬೆರಳು ತೀರಾ ಒಣಗಿರುವವರಿಗೂ ಜಾರುವ ತೊಂದರೆ ಉಂಟು. ಆದರೆ ಒರಟು ಮಿತಿ ಮೀರಿದರೆ ಬಿಡುವ ಗಳಿಗೆಯಲ್ಲಿ ಬೆರಳಿಗೆ ಅಂಟಿಕೊಂಡು ಡಾರ್ಟ್ ತಡವಾಗಿ ಹೊರಡುತ್ತದೆ, ಸಾಮಾನ್ಯವಾಗಿ ಗುರಿಯ ಕೆಳಗೆ ಹೋಗುತ್ತದೆ. ಒಂದು ಉಪಾಯ: ಕೊಳ್ಳುವ ಮೊದಲು ಡಾರ್ಟನ್ನು ಹಿಡಿದು, ಬೆರಳನ್ನು ನಿಧಾನವಾಗಿ ಬಿಚ್ಚಿ ಇನ್ನೊಂದು ಅಂಗೈಗೆ ಬೀಳಿಸಿ. ಸುಳಿವಿಲ್ಲದೆ ಬಿದ್ದರೆ ಸರಿ, ಚರ್ಮವನ್ನು ಎಳೆದುಕೊಂಡು ಬಿದ್ದರೆ ಅದು ನಿಮ್ಮದಲ್ಲ.

ಬಾಲದ ಕೆಲಸ

ಬಾಣಕ್ಕೆ ಗರಿ ಕಟ್ಟುವ ಕಾರಣವೇ ಫ್ಲೈಟಿಗೂ. ಎಷ್ಟೇ ಚೆನ್ನಾಗಿ ಬಿಟ್ಟರೂ ಡಾರ್ಟ್ ಕೈಯಿಂದ ಸ್ವಲ್ಪ ಓರೆಯಾಗಿಯೇ ಹೊರಡುತ್ತದೆ. ಹಿಂಭಾಗದ ಗರಿಗೆ ಗಾಳಿ ತಗುಲಿ ಬಾಲ ಹಿಂದೆ ಉಳಿಯುತ್ತದೆ, ಮೊನೆ ಮುಂದಕ್ಕೆ ತಿರುಗುತ್ತದೆ. ಸ್ಟ್ಯಾಂಡರ್ಡ್ ಎನ್ನುವ ದೊಡ್ಡ ಫ್ಲೈಟ್ ಈ ತಿದ್ದುಪಡಿಯನ್ನು ಬೇಗ ಮಾಡುತ್ತದೆ, ಬದಲಿಗೆ ವೇಗ ತುಸು ತಿನ್ನುತ್ತದೆ. ಸ್ಲಿಮ್ ಫ್ಲೈಟ್ ಕಡಿಮೆ ತಿದ್ದುತ್ತದೆ, ಗಾಳಿಯನ್ನು ಕಡಿಮೆ ತಡೆಯುತ್ತದೆ, ಬೋರ್ಡಿನ ಮೇಲೆ ಜಾಗವನ್ನೂ ಕಡಿಮೆ ಹಿಡಿಯುತ್ತದೆ. ಕೈಟ್, ಪೇರ್ ಎಂಬ ಆಕಾರಗಳು ಈ ಎರಡರ ನಡುವೆ.

ಸ್ಟೆಮ್ ಉದ್ದವಾದರೆ ಗರಿ ತೂಕದ ನಡುವಿನಿಂದ ದೂರ ಹೋಗುತ್ತದೆ, ಉದ್ದ ಹಾರೆಯಿಂದ ಮೀಟಿದ ಹಾಗೆ ಅದರ ಬಲ ಹೆಚ್ಚುತ್ತದೆ. ತೂಕದ ನಡುವೂ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ. ಮೊನೆಯ ಹತ್ತಿರ ಹಿಡಿಯುವವರಿಗೆ ಚಿಕ್ಕ ಸ್ಟೆಮ್, ಹಿಂದೆ ಹಿಡಿಯುವವರಿಗೆ ಸ್ವಲ್ಪ ಉದ್ದದ್ದು ಸರಿಹೋಗುವುದು ಇದರಿಂದಲೇ. ನೈಲಾನ್ ಸ್ಟೆಮ್ ಅಗ್ಗ, ಬಾಗುತ್ತದೆ, ಮುರಿದರೆ ಇನ್ನೊಂದು ಹಾಕಬಹುದು. ಅಲ್ಯೂಮಿನಿಯಂ ಗಟ್ಟಿ, ಆದರೆ ಒಮ್ಮೆ ಸೊಟ್ಟಗಾದರೆ ಮುಗಿಯಿತು. ಒಳ್ಳೆಯ ಸಂಗತಿ ಏನೆಂದರೆ ಸ್ಟೆಮ್ ತಿರುಪಿನ ಅಳತೆ ಬಹುತೇಕ ಎಲ್ಲ ಕಂಪನಿಗಳಲ್ಲೂ ಒಂದೇ. ಇಡೀ ಸೆಟ್ ಬದಲಿಸುವ ಮೊದಲು ಕೆಲವೇ ರೂಪಾಯಿಗಳ ಸ್ಟೆಮ್, ಫ್ಲೈಟ್ ಬದಲಿಸಿ ನೋಡಿ. ಅನೇಕ ಸಲ ಅಷ್ಟರಲ್ಲೇ ಕೆಲಸ ಆಗಿಬಿಡುತ್ತದೆ.

ಯಾರಿಗೆ ಯಾವುದು, ಯಾವಾಗ

ಇವತ್ತೇ ಶುರು ಮಾಡುವವರಿಗೆ: 22ರಿಂದ 24 ಗ್ರಾಂ, ನೇರ ಬ್ಯಾರೆಲ್, ಉಂಗುರ ಕೊರೆತ, ಮಧ್ಯಮ ಉದ್ದದ ನೈಲಾನ್ ಸ್ಟೆಮ್, ಸ್ಟ್ಯಾಂಡರ್ಡ್ ಫ್ಲೈಟ್. ಎರಡು ಮೂರು ತಿಂಗಳು ಏನನ್ನೂ ಬದಲಿಸಬೇಡಿ. ಅಂಕ ಬರೆದಿಡುವ ಬದಲು ಮೂರು ಡಾರ್ಟ್ ಒಂದಕ್ಕೊಂದು ಎಷ್ಟು ಹತ್ತಿರ ಬಿದ್ದವು ಎಂದು ನೋಡಿ. 20ಕ್ಕೆ ಎಸೆದ ಮೂರೂ ಅದರ ನೇರ ಕೆಳಗೆ, ಬೋರ್ಡಿನ ಬುಡದಲ್ಲಿರುವ 3ರಲ್ಲಿ, ಒಂದೇ ಕಡೆ ಗುಂಪಾಗಿ ಬಿದ್ದಿದ್ದರೆ ಅದು ಸಂತೋಷದ ವಿಷಯ. ಗುಂಪನ್ನು ಮೇಲಕ್ಕೆ ತರುವುದು ಸುಲಭ, ಚೆಲ್ಲಾಪಿಲ್ಲಿಯಾದದ್ದನ್ನು ಗುಂಪು ಮಾಡುವುದೇ ಕಷ್ಟ.

ಗುಂಪು ಕೂಡತೊಡಗಿದ ಮೇಲೆ ಹೊಸ ತೊಂದರೆ ಬರುತ್ತದೆ. ಎರಡನೆಯ ಡಾರ್ಟ್ ಮೊದಲನೆಯದರ ಫ್ಲೈಟಿಗೆ ತಾಗಿ ಪಕ್ಕಕ್ಕೆ ಹಾರುತ್ತದೆ, ಕೆಲವೊಮ್ಮೆ ಅದರ ಬಾಲಕ್ಕೇ ಚುಚ್ಚಿಕೊಂಡು ನೇತಾಡುತ್ತದೆ. ಈಗ ತೆಳ್ಳಗಿನ 90 ಶೇಕಡಾ ಟಂಗ್‌ಸ್ಟನ್, ಚಿಕ್ಕ ಸ್ಟೆಮ್, ಸಣ್ಣ ಫ್ಲೈಟ್‌ಗಳಿಗೆ ಕೊಟ್ಟ ಹಣ ಸಾರ್ಥಕ. ಬದಲಾವಣೆ ಮಾತ್ರ ಒಂದೊಂದೇ ಆಗಲಿ. ತೂಕ, ಸ್ಟೆಮ್, ಫ್ಲೈಟ್ ಮೂರನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಯಾರೂ ಹೇಳಲಾರರು. ತೂಕವನ್ನು ಒಂದು ಗ್ರಾಮಿಗಿಂತ ಹೆಚ್ಚು ಜಿಗಿಸಬೇಡಿ.

ಚೆನ್ನೈನ ನಿತಿನ್ ಕುಮಾರ್ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸಿನಲ್ಲಿ ವಿಶ್ವ ಚಾಂಪಿಯನ್‌ಶಿಪ್ ಆಡಿದ್ದನ್ನು ನೋಡಿ ನನ್ನಂತೆ ನಮ್ಮ ಕಡೆಯ ಹಲವರಿಗೆ ಆಸೆ ಹುಟ್ಟಿರಬೇಕು. ಆ ವೇದಿಕೆಯ ಆಟಗಾರರ ಹೆಸರಿರುವ ಡಾರ್ಟ್‌ಗಳು ಅಂಗಡಿಯಲ್ಲಿ ಸಿಗುತ್ತವೆ. 2025ರ ಜನವರಿಯಲ್ಲಿ 17ನೆಯ ವಯಸ್ಸಿಗೇ ವಿಶ್ವ ಚಾಂಪಿಯನ್ ಆದ ಲ್ಯೂಕ್ ಲಿಟ್ಲರ್ ಎಸೆದದ್ದು 23 ಗ್ರಾಂ. ಹಿಂದಿನ ವರ್ಷ ಅವರನ್ನು ಫೈನಲ್‌ನಲ್ಲಿ ಸೋಲಿಸಿದ ಲ್ಯೂಕ್ ಹಂಫ್ರೀಸ್ ಅವರದು 22. ಹದಿನಾರು ಸಲ ವಿಶ್ವ ಪ್ರಶಸ್ತಿ ಗೆದ್ದ ಫಿಲ್ ಟೇಲರ್ ಬಹುಕಾಲ 26 ಗ್ರಾಮಿನದನ್ನು ಬಳಸಿದರು. ಮೂವರೂ ಶಿಖರ ಮುಟ್ಟಿದವರು, ಮೂವರ ತೂಕವೂ ಬೇರೆ. ಅವರ ಬ್ಯಾರೆಲ್ ಅವರ ಬೆರಳಿನ ಅಳತೆಗೆ ಕಡೆದದ್ದು. ಮೆಚ್ಚಿನ ಆಟಗಾರನ ಡಾರ್ಟ್ ಕೊಳ್ಳುವುದರಲ್ಲಿ ತಪ್ಪಿಲ್ಲ, ಅದು ನಿಮ್ಮ ಹತ್ತು ಸಲದ ಪರೀಕ್ಷೆಯಲ್ಲಿ ಗೆದ್ದಿದ್ದರೆ.

ಕೊಂಡ ಮೇಲೆ ಬೋರ್ಡನ್ನು ಓದಲು ಕಲಿಯಿರಿ. ಡಾರ್ಟ್ ಚುಚ್ಚಿ ನಿಂತಾಗ ಬಾಲ ಸ್ವಲ್ಪ ಮೇಲಕ್ಕಿರುವುದು ಅಥವಾ ಮಟ್ಟಸವಾಗಿರುವುದು ಸಹಜ. ಬಾಲ ಕೆಳಗೆ ಜೋತಿದ್ದರೆ ಡಾರ್ಟ್ ನಿಮ್ಮ ವೇಗಕ್ಕೆ ಭಾರವಾಗಿರಬಹುದು, ಇಲ್ಲವೇ ತೂಕದ ನಡುವಿಗಿಂತ ಬಹಳ ಹಿಂದೆ ಹಿಡಿಯುತ್ತಿರಬಹುದು. ಹಾರುವಾಗ ಮೀನಿನಂತೆ ಬಾಲ ಅತ್ತಿತ್ತ ಬೀಸುತ್ತಿದ್ದರೆ ದೊಡ್ಡ ಫ್ಲೈಟ್ ಹಾಕಿ. ಅದರಿಂದಲೂ ನಿಲ್ಲದಿದ್ದರೆ ತೊಂದರೆ ಡಾರ್ಟಿನದಲ್ಲ, ಬೆರಳುಗಳು ಒಟ್ಟಿಗೆ ಬಿಡುತ್ತಿಲ್ಲ. ಫೋನಿನ ಸ್ಲೋ ಮೋಷನ್‌ನಲ್ಲಿ ಪಕ್ಕದಿಂದ ಯಾರಾದರೂ ಚಿತ್ರೀಕರಿಸಿದರೆ ಯಾವ ಬೆರಳು ಹಿಂದೆ ಉಳಿಯುತ್ತಿದೆ ಎಂದು ನಿಚ್ಚಳವಾಗಿ ಕಾಣುತ್ತದೆ.

ಬೋರ್ಡಿನ ಬಗ್ಗೆಯೂ ಒಂದು ಮಾತು, ಏಕೆಂದರೆ ಒಳ್ಳೆಯ ಡಾರ್ಟ್ ಕೆಟ್ಟ ಬೋರ್ಡಿನ ಮುಂದೆ ಸೋಲುತ್ತದೆ. ಕಾಗದ ಸುತ್ತಿ ಮಾಡಿದ ಅಗ್ಗದ ಬೋರ್ಡಿಗೆ ಟಂಗ್‌ಸ್ಟನ್ ಎಸೆಯಬೇಡಿ. ಪ್ಲಾಸ್ಟಿಕ್ ಮೊನೆಗೆಂದು ಮಾಡಿದ ಎಲೆಕ್ಟ್ರಾನಿಕ್ ಬೋರ್ಡಿಗಂತೂ ಉಕ್ಕಿನ ಮೊನೆ ತಾಗಿಸಲೇಬಾರದು, ಒಡೆದುಹೋಗುತ್ತದೆ. ಸೈಸಲ್ ಬೋರ್ಡ್ ಎಂದರೆ ನಮ್ಮ ಹೊಲದ ಬೇಲಿಯ ಕತ್ತಾಳೆಯ ಜಾತಿಯದೇ ಗಿಡದ ನಾರು. ನಾರನ್ನು ಮುಖಕ್ಕೆ ನೇರವಾಗಿ ನಿಲ್ಲಿಸಿ ಒತ್ತಿ ಬಿಗಿದಿರುತ್ತಾರೆ. ಮೊನೆ ನಾರನ್ನು ಕತ್ತರಿಸದೆ ಸರಿಸಿಕೊಂಡು ಒಳಹೋಗುತ್ತದೆ, ಕಿತ್ತಾಗ ತೂತು ತಾನೇ ಮುಚ್ಚಿಕೊಳ್ಳುತ್ತದೆ.

ಹಾಗಾಗಿ ಮೊನೆ ಸೂಜಿಯಷ್ಟು ಚೂಪಾಗಿರಬೇಕಿಲ್ಲ. ತೀರಾ ಚೂಪಾದದ್ದು ಬೋರ್ಡಿನ ಅಂಕದ ಪಟ್ಟಿಗಳನ್ನು ಬೇರ್ಪಡಿಸುವ ತಂತಿಗೆ ಬಡಿದ ಕೂಡಲೇ ಕೊಕ್ಕೆಯಂತೆ ಬಾಗುತ್ತದೆ, ಆ ಕೊಕ್ಕೆ ಪ್ರತಿ ಸಲ ಕೀಳುವಾಗಲೂ ನಾರು ಎಳೆದು ತರುತ್ತದೆ. ತೀರಾ ಮೊಂಡಾದದ್ದು ತಂತಿಯಿಂದ ಪುಟಿದು ಕಾಲ ಬಳಿ ಬೀಳುತ್ತದೆ. ಆಟಕ್ಕೆ ಮುನ್ನ ಮೊನೆಯನ್ನು ಬೆರಳ ತುದಿಯ ಮೇಲೆ ಹಗುರವಾಗಿ ಎಳೆದು ನೋಡಿ. ಗೀರಿದಂತೆ ತಡೆದರೆ ಸಾಣೆಕಲ್ಲಿನ ಮೇಲೆ ಡಾರ್ಟನ್ನು ಉರುಳಿಸುತ್ತಾ ಎರಡು ಸಲ ಉಜ್ಜಿ, ತುದಿಯನ್ನು ಕಲ್ಲಿಗೆ ನೇರವಾಗಿ ಒಮ್ಮೆ ತಾಗಿಸಿ ದುಂಡಗಾಗಿಸಿ.